ಎಕೋ ಬೇಡ, ಹಂಝ

ಮೈಕ್‌ಸೆಟ್ಟಿನವನು ನಾನು. ಸಿದ್ದಾಪುರ ಬಸ್‌ಸ್ಟ್ಯಾಂಡಿನ ಹಿಂದೆ
ಬೆಸುಗೆ ವಾಸನೆಯ ಒಂದು ಅಂಗಡಿ.
ಮದುವೆಗೆ, ಉರೂಸಿಗೆ, ಎಲೆಕ್ಷನ್ನಿಗೆ, ಹಾಕಿ ಪಂದ್ಯಕ್ಕೆ
ಅದೇ ನಾಲ್ಕು ಪೆಟ್ಟಿಗೆ, ಅದೇ ವಯರು.
ಹಾಡುವವರೆಲ್ಲ ಕಿವಿಯ ಬಳಿ ಬಂದು ಕೇಳುವುದು ಒಂದೇ:
ಎಕೋ ಸ್ವಲ್ಪ ಜಾಸ್ತಿ ಕೊಡು.
ಹಿಜ್ಕೀಯ ಒಬ್ಬನೇ, ಚಪ್ಪಲಿ ಬಿಟ್ಟು ವೇದಿಕೆ ಹತ್ತುವ ಮೊದಲು,
'ಎಕೋ ಬೇಡ, ಹಂಝ.
ದೇವರಿಗೆ ಒಂದು ಸಲ ಹೇಳಿದರೆ ಕೇಳಿಸುತ್ತದೆ.'

ಹಳೇಗುಂಡಿ ತೋಟದ ಲೈನಿನಲ್ಲಿ ಹುಟ್ಟಿದವನು.
ತಾತ ಧರ್ಮಪುರಿಯಿಂದ ನಡೆದೇ ಬಂದನಂತೆ;
ಮೊಮ್ಮಗನ ಕನ್ನಡದಲ್ಲಿ ಇವತ್ತಿಗೂ
ಒಂದು ಳಕಾರ ಬೇಕಾದ್ದಕ್ಕಿಂತ ಹೊರಳುತ್ತದೆ.
ಬೈಬಲಿನಲ್ಲಿ ರಾಜನ ಹೆಸರು ಅದು:
ಸಾಯುವ ಹೊತ್ತಿಗೆ ಗೋಡೆಗೆ ಮುಖ ಮಾಡಿ ಅತ್ತು
ಹದಿನೈದು ವರ್ಷ ಹೆಚ್ಚಿಗೆ ಪಡೆದ ರಾಜ.
'ಬೋನಸ್ಸು' ಎನ್ನುತ್ತಿದ್ದ ಹಿಜ್ಕೀಯ,
ತೋಟದವರ ಭಾಷೆಯೇ ಹಾಗೆ.

ಯಾವುದೋ ಬಂಗಲೆ ಖಾಲಿಯಾದಾಗ
ಗುಜರಿಗೆ ಬಿದ್ದ ಹಾರ್ಮೋನಿಯಂ, ನೂರಾ ನಲವತ್ತು ರೂಪಾಯಿ.
ಒಳಗೆ ಇಲಿಯ ಗೂಡು. ನಡುವಿನ ಒಂದು ಬಿಳಿ ಮನೆ
ಸತ್ತಿತ್ತು, ಒತ್ತಿದರೆ ಬರೀ ಉಸಿರು.
ರಿಪೇರಿಗೆ ಮೈಸೂರಿಗೆ ಹೋಗಬೇಕು. ಹೋಗಲಿಲ್ಲ.
ಆ ಮನೆ ಬಿಟ್ಟೇ ರಾಗ ಕಟ್ಟಿದ,
ಲೈನಿನಲ್ಲಿ ಬೀಗ ಜಡಿದ ಮನೆಯ ಮುಂದೆ
ಮಕ್ಕಳು ಓಡಿ ದಾಟುವ ಹಾಗೆ.

ನಲವತ್ತೊಂದು ಹಾಡು. ಒಂದರಲ್ಲೂ ಆ ಸ್ವರವಿಲ್ಲ.

ಕ್ಯಾಸೆಟ್ಟು ನಾನೇ ಮಾಡಿದ್ದು, ಷಟರ್ ಇಳಿಸಿ,
ಗೋಡೆಗೆ ಹಾಸಿಗೆ ನಿಲ್ಲಿಸಿ.
ಮೂರನೇ ಹಾಡಿನ ಕೊನೆಗೆ ಬಸ್ಸೊಂದು ಹಾರನ್ ಹೊಡೆಯಿತು.
ಮತ್ತೆ ಹಾಡು ಅಂದೆ. 'ಇರಲಿ ಬಿಡು,
ಅದಕ್ಕೂ ವಿರಾಜಪೇಟೆ ಮುಟ್ಟಬೇಕಲ್ಲ' ಅಂದ.
ಆಮೇಲೆ ಸಿಡಿ, ಮೆಮೊರಿ ಕಾರ್ಡು, ಈಗ ಎಲ್ಲರ ಮೊಬೈಲು;
ಆ ಬಸ್ಸು ಇನ್ನೂ ಹೊರಡುತ್ತಲೇ ಇದೆ.

ಹುಣಸೂರು, ಕೊಳ್ಳೇಗಾಲ, ಒಮ್ಮೆ ಕೆಜಿಎಫ್.
ಭಾನುವಾರ ಸಾವಿರ ಎತ್ತಿದ ಕೈಗಳ ಎದುರು ಕಣ್ಣು ಮುಚ್ಚಿದವನು
ಸೋಮವಾರ ಏಳಕ್ಕೆ ಟ್ರಾಕ್ಟರಿನಲ್ಲಿ ಗೊಬ್ಬರ ಹೇರುತ್ತಿದ್ದ.
ಕೋಪವೂ ಇತ್ತು. ಪ್ರಾರ್ಥನೆಯ ನಡುವೆ ಬೀಡಿ ಹಚ್ಚಿದೆನೆಂದು
ಎರಡು ತಿಂಗಳು ನನ್ನೊಡನೆ ಮಾತಿಲ್ಲ,
ಬಾಡಿಗೆ ಮಾತ್ರ ಯಾರದೋ ಕೈಯಲ್ಲಿ ತಪ್ಪದೆ ಕಳಿಸಿದ.

ಗಂಟಲಿನ ಗಂಟು ಮೈಸೂರಿನಲ್ಲಿ ತೆಗೆದರು.
ಮೂರನೇ ದಿನ ಚೀಟಿಯಲ್ಲಿ ಬರೆದು ತೋರಿಸಿದ:
ಬೋನಸ್ಸು ನನಗೆ ಬಂತು. ದನಿಗೆ ಬರಲಿಲ್ಲ.
ನಾನು ಗ್ಲೂಕೋಸ್ ಬಾಟಲಿಯ ಹನಿ ಎಣಿಸುತ್ತಾ ಕೂತೆ.

ಇನ್ನು ಆನೆಯ ವಿಷಯ.
ಮಾಲ್ದಾರೆ ಕಡೆ ನಸುಕಿಗೆ ಕೆಲಸಕ್ಕೆ ಹೊರಟವರು
ಗುಂಪಾಗಿ, ಸದ್ದು ಮಾಡುತ್ತಾ ನಡೆಯುತ್ತಾರೆ.
ಮೊದಲು ಬುತ್ತಿಯ ಡಬ್ಬಿ ಬಡಿಯುತ್ತಿದ್ದರು, ಈಗ
ಅವನ ಆರನೇ ಹಾಡು. ಚರ್ಚಿನ ಮೆಟ್ಟಿಲು ತುಳಿಯದವರೇ ಹೆಚ್ಚು,
ಅಸ್ಸಾಮಿನಿಂದ ಬಂದ ಹುಡುಗರಿಗೆ ಅರ್ಥವೂ ತಿಳಿಯದು.
'ಕರ್ತನೇ' ಬರುವಲ್ಲಿ ಯರವರ ಚೋಮಿ 'ಕರಿಯನೇ' ಅನ್ನುತ್ತಾಳೆ:
ದಾರಿ ಬಿಡು ಕರಿಯನೇ, ಮನೆಯಲ್ಲಿ ಕೂಸಿದೆ.
ಪಾಸ್ಟರು ಮುಖ ಗಂಟಿಕ್ಕಿದರು.
ಹಿಜ್ಕೀಯ ಒಡಕು ಗಂಟಲಲ್ಲಿ ಕೆಮ್ಮಿದಂತೆ ನಕ್ಕು
ಪಟ್ಟಿಪುಸ್ತಕ ತೆರೆದು ತಿದ್ದಿಕೊಂಡ.

ಮೊನ್ನೆ ರಾತ್ರಿಯ ಕೂಟ ಮುಗಿಸಿ, ವಯರು ಸುತ್ತಿ ಬರುವಾಗ ಆರೂಕಾಲು.
ತಿರುವಿನಲ್ಲಿ ಲದ್ದಿ ಇನ್ನೂ ಹಬೆಯಾಡುತ್ತಿತ್ತು.
ಜೀಪು ನಿಲ್ಲಿಸಿ ದೀಪ ಆರಿಸಿದೆ.
ಮಂಜಿನೊಳಗಿಂದ ಹಾಡು ಮೊದಲು ಬಂತು, ಆಮೇಲೆ ಟಾರ್ಚು,
ಆಮೇಲೆ ಜನ. ಅವ್ವನ ಸೆರಗು ಹಿಡಿದು
ಶಾಲೆಯ ಚೀಲ ಹೊತ್ತ ಒಬ್ಬ ಹುಡುಗಿ.
ಹಾರ್ಮೋನಿಯಂ ಕಂಡವಳಲ್ಲ;
ಆ ಸ್ವರ ಬರಬೇಕಾದಲ್ಲಿ ಚೂರು ಹಾರಿ ದಾಟಿದಳು.

ಬಲಗಡೆ ಕಾಫಿಗಿಡ ಅಲುಗಿದವು.
ಏನೋ ದೊಡ್ಡದು ಹಿಂದೆ ಸರಿಯಿತು.
ಅವರು ಮರೆಯಾಗುವವರೆಗೂ ಎಂಜಿನ್ ಹಚ್ಚಲಿಲ್ಲ.
ಕಸುಬಿನ ಕಿವಿ, ಕೇಳುತ್ತಲೇ ಇದ್ದೆ:
ಗುಡ್ಡ ತಿರುಗಿಸಿ ಹೇಳಲಿಲ್ಲ.
ಒಂದೇ ಸಲ.